ಖಾಲಿ ಉದ್ಧರಣ ಚಿಹ್ನೆಗಳೊಳಗೆ ಮಾತು ತುಂಬಿದವರು

ಭಾಷೆ ಕಲಿಸಿದವರನ್ನು ನೆನೆಯುವಾಗ ಸಾಮಾನ್ಯವಾಗಿ ಅವರು ಪಾಠ ಹೇಳಿದ ಕಾವ್ಯ ನೆನಪಾಗುತ್ತದೆ, ಇಲ್ಲವೇ ಅವರು ಬರೆದ ಗ್ರಂಥ. ನಮ್ಮ ಕಾಲೇಜಿನ ಭಾಷಾ ವಿಭಾಗದ ಮುಖ್ಯಸ್ಥೆಯಾಗಿದ್ದು ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಮೇಡಂ ಅವರನ್ನು ನೆನೆದರೆ ಮಾತ್ರ ಮೊದಲು ಕಣ್ಣ ಮುಂದೆ ಬರುವುದು ಅವರ ಕೆಂಪು ಪೆನ್ನು. ವಾಕ್ಯದಲ್ಲಿ ಅಲ್ಪವಿರಾಮ ತಪ್ಪಿದರೆ ಅಂಕ ಹೋಯಿತೆಂದೇ ತಿಳಿಯಬೇಕಿತ್ತು. ವಿದ್ಯಾರ್ಥಿಗಳು ಅವರಿಗೆ ‘ಅಲ್ಪವಿರಾಮ ಮೇಡಂ’ ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ, “ಸದ್ಯ, ಪೂರ್ಣವಿರಾಮ ಅಂತ ಇಟ್ಟಿಲ್ವಲ್ಲ” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕವರೂ ಅವರೇ.

ಸಾರ್ವಜನಿಕ ಬರವಣಿಗೆ ಅವರ ಅಧ್ಯಯನದ ಕ್ಷೇತ್ರ. ಆಸ್ಪತ್ರೆಯ ಬಾಗಿಲ ಮೇಲಿನ ಸೂಚನೆ, ಬಸ್ಸಿನೊಳಗಿನ ಎಚ್ಚರಿಕೆ, ಕಚೇರಿಗಳ ಪ್ರಕಟಣೆ, ಇಂಥ ಯಾರೂ ಸಾಹಿತ್ಯವೆಂದು ಕರೆಯದ ಮಾತುಗಳನ್ನು ಅವರು ಕಾವ್ಯದಷ್ಟೇ ಗೌರವದಿಂದ ತಿದ್ದಿದರು, ತಿದ್ದುವುದನ್ನು ಕಲಿಸಿದರು. ಸೇವೆಯ ಮೊದಲ ವರ್ಷಗಳಲ್ಲಿ, ಮಾತು ತೊದಲುತ್ತದೆಂದು ಮೌಖಿಕ ಪರೀಕ್ಷೆಗೆ ಹೆದರಿ ಕಾಲೇಜು ಬಿಡಲು ಹೊರಟಿದ್ದ ವಿದ್ಯಾರ್ಥಿನಿಯೊಬ್ಬಳನ್ನು ಸಂಜೆಯ ಖಾಲಿ ತರಗತಿಯಲ್ಲಿ ಕೂರಿಸಿಕೊಂಡು, ತಾವು ಬೆನ್ನು ತಿರುಗಿಸಿ ಕಿಟಕಿಯತ್ತ ನೋಡುತ್ತ, “ಈಗ ನನಗಲ್ಲ, ಗೋಡೆಗೆ ಹೇಳಮ್ಮ” ಎಂದು ದಿನವೂ ಹೇಳಿಸಿದ್ದನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಆಕೆ ಮುಂದೆ ವಕೀಲೆಯಾದರು.

ಮೇಡಂ ಅವರ ಸಂಸಾರವೆಂದರೆ ಅವರ ಅಣ್ಣ. ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಅವರು ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು ತಂಗಿಯ ಮನೆಗೆ ಬಂದರು. ಕಣ್ಣು ಹೋಯಿತೇ ಹೊರತು ಓದಿನ ಹುಚ್ಚು ಹೋಗಲಿಲ್ಲ. ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಫೋನೊಂದನ್ನು ಎದೆಯ ಮೇಲಿಟ್ಟುಕೊಂಡು ಅವರು ಬೆಳಗ್ಗೆಯೇ ಊರಿನ ಸುದ್ದಿಯನ್ನೆಲ್ಲ ಕೇಳಿ ಮುಗಿಸುತ್ತಿದ್ದರು. ಪತ್ರಿಕೆ, ಗ್ರಂಥಾಲಯ, ನೀರು ಸರಬರಾಜು ಕಚೇರಿ, ಯಾವ ವೆಬ್‌ಪುಟವನ್ನೂ ಬಿಡುತ್ತಿರಲಿಲ್ಲ. ತಂಗಿ ಕಾಲೇಜಿಗೆ ಹೊರಡುವ ಮುನ್ನವೇ ಯಾವ ಬೀದಿಯಲ್ಲಿ ಅಗೆತ ನಡೆದಿದೆ, ಯಾವ ಬಸ್ಸು ಇಂದಿಲ್ಲ ಎಂದು ಅಣ್ಣನೇ ಹೇಳಿ ಕಳಿಸುವುದು ಆ ಮನೆಯ ರೂಢಿಯಾಗಿತ್ತು.

ಅಂಥ ಕಾಲದಲ್ಲಿ ಕಾಲೇಜಿನ ಕಂಪ್ಯೂಟರ್ ಕೊಠಡಿಯ ತಂತ್ರಜ್ಞರು ಸಿಬ್ಬಂದಿ ಸಭೆಯಲ್ಲಿ ಒಂದು ಪ್ರಸ್ತಾಪವಿಟ್ಟರು. ಯಾವ ದೂರು ಬಂದರೂ “ಪ್ಲಗ್ ಹಾಕಿದೀರಾ?” ಎಂದೇ ಮೊದಲು ಕೇಳುತ್ತಿದ್ದ ಕಾರಣ ಅವರನ್ನು ಎಲ್ಲರೂ ಪ್ಲಗ್ ಮೇಷ್ಟ್ರು ಎನ್ನುತ್ತಿದ್ದರು. ವೆಬ್‌ಪುಟ ಬರೆಯುವ ಟ್ಯಾಗುಗಳನ್ನು, ಅಂದರೆ ಎಚ್‌ಟಿಎಂಎಲ್ ಎನ್ನುವ ಗುರುತುಗಳನ್ನು, ಊರಿನ ಸಾಮಾನ್ಯ ಜನರಿಗೆ ಸಂಜೆ ಹೊತ್ತು ಕಲಿಸೋಣ ಎಂಬುದು ಅವರ ಕೋರಿಕೆ. ಮೇಡಂ ಎದ್ದು ನಿಂತರು.

“ಬಸ್ ಹತ್ತೋರೆಲ್ಲ ಎಂಜಿನ್ ಬಿಚ್ಚೋದು ಕಲೀಬೇಕೇನ್ರೀ ಮೇಷ್ಟ್ರೇ? ಜನಕ್ಕೆ ನೆಟ್ಟಗೆ ನಾಲ್ಕು ವಾಕ್ಯ ಬರೆಯೋಕೆ ಬರಲಿ ಸಾಕು. ಅದನ್ನ ಪುಟದ ಮೇಲೆ ಹಾಕೋಕೆ ಯಂತ್ರ ಇದೆ.”

ಸಭೆ ನಕ್ಕಿತು. ಪ್ಲಗ್ ಮೇಷ್ಟ್ರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಪ್ರಸ್ತಾಪ ಅಲ್ಲಿಗೇ ಬಿತ್ತು.

ಅದೇ ವರ್ಷದ ಬೇಸಗೆಯಲ್ಲಿ ಊರಿನ ದೊಡ್ಡ ನೀರಿನ ಕೊಳವೆ ಒಡೆದು ಚರಂಡಿಯ ನೀರು ಅದರೊಳಗೆ ಸೇರಿಕೊಂಡಿತು. ನೀರು ಸರಬರಾಜು ಕಚೇರಿ ಬೆಳಗ್ಗೆಯೇ ತನ್ನ ಪುಟದಲ್ಲಿ ಎಚ್ಚರಿಕೆ ಹಾಕಿತು. ಅಧ್ಯಾಪಕರ ಕೊಠಡಿಯಲ್ಲಿ ಮೇಡಂ ಅದನ್ನು ಫೋನಿನಲ್ಲಿ ನೋಡಿದರು. ಹಳದಿ ಹಿನ್ನೆಲೆ, ಕೆಂಪು ದಪ್ಪಕ್ಷರ, ‘ನಲ್ಲಿಯ ನೀರನ್ನು ಕುಡಿಯಬೇಡಿ.’ ಕೆಳಗಿನ ಸಾಲಿನಲ್ಲಿ ‘ಕುದಿಸಿದರೂ’ ಎಂಬುದು ‘ಕುದಿಸಿದರು’ ಎಂದಾಗಿತ್ತು. “ನೋಡಿ, ಒಂದು ದೀರ್ಘ ಹೋಗಿದ್ದಕ್ಕೆ ಅರ್ಥವೇ ಕೆಟ್ಟು ಕೂತಿದೆ” ಎಂದು ಪಕ್ಕದವರಿಗೆ ತೋರಿಸಿದರು. ಅಣ್ಣನಿಗೊಂದು ಫೋನು ಮಾಡೋಣವೆಂದು ಆ ಕ್ಷಣ ಅನ್ನಿಸಿತಂತೆ. ಆದರೆ ತನಗಿಂತ ಮೊದಲೇ ಅಣ್ಣ ಆ ಪುಟ ಕೇಳಿರುತ್ತಾನೆಂಬ ಭರವಸೆಯಿಂದ ಪಾಠಕ್ಕೆ ಹೋದರು.

ಸಂಜೆ ಮನೆಗೆ ಬಂದಾಗ ಅಣ್ಣ ಬಚ್ಚಲ ಬಾಗಿಲಲ್ಲಿ ಗೋಡೆಗೊರಗಿ ಕುಸಿದಿದ್ದರು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಬಾಯಾರಿಕೆಯೆಂದು ಮತ್ತೆ ಮತ್ತೆ ಅದೇ ನಲ್ಲಿಯ ನೀರು ಕುಡಿದು, ವಾಂತಿಯಾದಷ್ಟೂ ಮತ್ತೆ ಅದನ್ನೇ ಕುಡಿದಿದ್ದರು. ಆಸ್ಪತ್ರೆಯಲ್ಲಿ ವೈದ್ಯರು ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು ಎಂದರು. ಆಮೇಲೆ, ಒರಟುತನದಿಂದಲ್ಲ, ನಿಜವಾದ ಅಚ್ಚರಿಯಿಂದಲೇ ಕೇಳಿದರು: “ಬೆಳಗ್ಗೆಯಿಂದ ಪುಟದಲ್ಲಿ ಇತ್ತಲ್ಲ ಮೇಡಂ, ಓದಿದವರ ಮನೇಲೂ ಹೀಗಾ?”

ಪ್ರಾಣಾಪಾಯದ ದಿನಗಳು ಕಳೆದ ಮೇಲೆ, ದನಿ ಬಂದೊಡನೆ ಅಣ್ಣನೇ ಹೇಳಿದರು. “ಕೇಳಿದೆ ಕಣೇ. ಅವತ್ತೂ ಕೇಳಿದೆ. ‘ಇಮೇಜ್’ ಅಂತ ಒಂದೇ ಮಾತು ಅಂತು. ಯಾರೋ ದೊಡ್ಡವರು ಟೇಪು ಕತ್ತರಿಸ್ತಿರೋ ಫೋಟೋ ಇರ್ಬೇಕು ಅಂದ್ಕೊಂಡು ಮುಂದಕ್ಕೆ ಹೋದೆ.”

ಮೇಡಂ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿದ್ದ ಕಿತ್ತಳೆಯ ಸಿಪ್ಪೆ ಅರ್ಧಕ್ಕೇ ನಿಂತಿತು. ತಾವು ಆ ಸೂಚನೆಯ ದೀರ್ಘದ ತಪ್ಪು ಹಿಡಿದು ಜಾಣತನ ಮೆರೆಯುತ್ತಿದ್ದ ಹೊತ್ತಿನಲ್ಲಿ, ಅದೇ ಸೂಚನೆ ಅಣ್ಣನ ಕಿವಿಯ ಪಾಲಿಗೆ ಇರಲೇ ಇಲ್ಲ ಎಂಬುದು ತಲೆಗೆ ಇಳಿಯಲು ಬಹಳ ಹೊತ್ತು ಹಿಡಿಯಿತು. ಇಳಿದ ಮೇಲೆ ಅವರು ಎದ್ದು ವರಾಂಡಕ್ಕೆ ಹೋಗಿ, ಸುಮ್ಮನೆ ಗೋಡೆಯನ್ನು ಹಿಡಿದು ನಿಂತರು. ದಾದಿಯೊಬ್ಬರು ನೀರು ಬೇಕೇ ಎಂದು ಕೇಳಿದರೆ ಬೆಚ್ಚಿಬಿದ್ದರು.

ಮರುದಿನ ನೀರು ಸರಬರಾಜು ಕಚೇರಿಗೆ ಹೋದದ್ದು ಜಗಳಕ್ಕೇ. ಫೈಲುಗಳ ರಾಶಿಯ ನಡುವೆ, ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಒಂದು ಹಳೆಯ ನಲ್ಲಿಯನ್ನೇ ಭಾರವಿಟ್ಟುಕೊಂಡು ಕೂತಿದ್ದ ಗುಮಾಸ್ತೆ ಆ ಸೂಚನೆ ಹಾಕಿದವರು. ಕೆಲಸಕ್ಕೆ ಸೇರಿ ಇನ್ನೂ ಹೊಸತು.

“ಎಲ್ಲರಿಗೂ ಎದ್ದು ಕಾಣ್ಲಿ ಅಂತ ಚಿತ್ರ ಮಾಡಿ ಹಾಕ್ದೆ ಮೇಡಂ. ಮೇಲಧಿಕಾರಿಗಳು ಭೇಷ್ ಅಂದ್ರು.”

“ನಮ್ಮಣ್ಣಂಗೆ ಕಣ್ಣು ಕಾಣಲ್ಲಮ್ಮ. ಫೋನು ಅದನ್ನ ಓದಲೇ ಇಲ್ಲ. ಅವನು ಆ ನೀರನ್ನೇ ಕುಡಿದ.”

ಆಕೆ “ಚಿತ್ರ ಆದ್ರೆ ಅದು ಓದಲ್ವಾ?” ಎಂದು ಪಿಸುಗುಟ್ಟಿ, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ಮೇಡಂ ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಬೈಗುಳವನ್ನೆಲ್ಲ ಆಡದೆ ಹಾಗೇ ಮರಳಿದರು. ತಮ್ಮ ಕೈಗೇ ಆ ಸೂಚನೆ ಪರಿಶೀಲನೆಗೆ ಬಂದಿದ್ದರೆ ತಾವೂ ಒಂದು ದೀರ್ಘ ಹಾಕಿ ಭೇಷ್ ಎನ್ನುತ್ತಿದ್ದೆವೆಂದು ಅವರಿಗೆ ಗೊತ್ತಾಗಿಹೋಗಿತ್ತು.

ಅಲ್ಲಿಂದ ನೇರ ಪ್ಲಗ್ ಮೇಷ್ಟ್ರ ಕೊಠಡಿಗೆ ಬಂದರು. “ಆ ಪುಟದ ಹಿಂದೆ ಏನಿದೆ, ತೋರಿಸಿ” ಎಂದರು. ಮೇಷ್ಟ್ರು ಈ ಸಲ ಪ್ಲಗ್ಗಿನ ಮಾತೆತ್ತಲಿಲ್ಲ. ಪುಟವನ್ನು ತೆರೆದು ಅದರ ಒಳಬರಹ ತೋರಿಸಿದರು. ಚಿತ್ರ ಹಾಕುವ ಟ್ಯಾಗಿನಲ್ಲಿ, ಚಿತ್ರ ಕಾಣದವರಿಗಾಗಿ ಬದಲಿ ಮಾತು ಬರೆಯಬೇಕಾದ ಜಾಗದಲ್ಲಿ ಎರಡು ಉದ್ಧರಣ ಚಿಹ್ನೆಗಳಿದ್ದವು. ನಡುವೆ ಏನೂ ಇರಲಿಲ್ಲ.

ಜೀವಮಾನವಿಡೀ ಉದ್ಧರಣ ಚಿಹ್ನೆಗಳನ್ನು ತಿದ್ದಿದ ಮೇಡಂ ಪರದೆಯತ್ತ ಬಾಗಿ ನೋಡಿದರು. “ಚಿಹ್ನೆ ತೆರೆದಿದೆ, ಮುಚ್ಚಿದೆ. ಮಾತೇ ಇಲ್ವಲ್ಲ ಮೇಷ್ಟ್ರೇ. ಇಲ್ಲಿ ಏನು ಬರೀಬೇಕಿತ್ತು?”

“ನೀರು ಕುಡೀಬೇಡಿ ಅಂತ. ಆ ಸೂಚನೇಲಿ ಇದ್ದದ್ದನ್ನೆಲ್ಲ. ಅಷ್ಟೇ ಮೇಡಂ.”

“ಅಷ್ಟೇನಾ?”

“ಅಷ್ಟೇ. ಚಿತ್ರ ಬಿಟ್ಟು ನೇರ ಅಕ್ಷರದಲ್ಲೇ ಹಾಕಿದ್ರೆ ಇನ್ನೂ ಒಳ್ಳೇದು.”

ಎಂಜಿನ್ ಬಿಚ್ಚುವುದೆಂದು ತಾವು ಗೇಲಿ ಮಾಡಿದ್ದು ಇದನ್ನೇ ಎಂದು ತಿಳಿದಾಗ ತಮಗಾದ ದಿಗ್ಭ್ರಮೆಯನ್ನು ಮೇಡಂ ಎಂದೂ ಮುಚ್ಚಿಡಲಿಲ್ಲ. ತೆರೆದ ಟ್ಯಾಗನ್ನು ಮುಚ್ಚಬೇಕು; ಶೀರ್ಷಿಕೆಯನ್ನು ಬರಿದೆ ದಪ್ಪ ಮಾಡಿದರೆ ಸಾಲದು, ಶೀರ್ಷಿಕೆಯೆಂದೇ ಗುರುತಿಸಬೇಕು; ಪಟ್ಟಿ ಪಟ್ಟಿಯಾಗಿರಬೇಕು. ಇದು ಯಂತ್ರಶಾಸ್ತ್ರವಲ್ಲ, ತಮ್ಮದೇ ವ್ಯಾಕರಣ, ಪಕ್ಕದ ಕೊಠಡಿಯಲ್ಲಿ ಕೂತಿತ್ತು. ಅಣ್ಣ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅವರು ಪುಟ ಬರೆಯುವಷ್ಟು ಕಲಿತಿದ್ದರು. ಮೊದಲ ಪುಟವನ್ನು ಅಣ್ಣನಿಗೇ ಕೇಳಿಸಿದರು. ದಿಂಬಿಗೊರಗಿ ಕೊನೆಯವರೆಗೂ ಕೇಳಿದ ಅಣ್ಣ, “ಮೂರನೇ ವಾಕ್ಯ ಉದ್ದ ಆಯ್ತು ಕಣೇ” ಎಂದರು. ಮೇಡಂ ಅತ್ತದ್ದು ಆಗ.

ತಾವೇ ಬೀಳಿಸಿದ ಪ್ರಸ್ತಾಪವನ್ನು ಹೊತ್ತು ಅವರು ಪ್ರಾಂಶುಪಾಲರ ಬಳಿಗೆ ಹೋದರು. “ಮೇಡಂ, ಮೊನ್ನೆ ತಾನೆ ನೀವೇ ಬೇಡ ಅಂದ್ರಿ!” ಎಂದು ಪ್ರಾಂಶುಪಾಲರು ಕನ್ನಡಕ ತೆಗೆದು ನೋಡಿದರು. “ಹೌದು ಸರ್, ಬೇಡ ಅಂದಿದ್ದೂ ನಾನೇ, ಬೇಕು ಅಂತಿರೋದೂ ನಾನೇ. ಮೇಷ್ಟ್ರು ಪಾಠ ಮಾಡ್ಲಿ, ನಾನು ಜೊತೆಗಿರ್ತೀನಿ” ಎಂದರು.

ಸಂಜೆಯ ತರಗತಿ ಹಾಗೆ ಹುಟ್ಟಿತು. ದರ್ಜಿ, ದಾದಿ, ಪಾತ್ರೆ ಅಂಗಡಿಯವರು, ಬಸ್ಸಿನ ಚಾಲಕರು ಬಂದರು. ಮುಂದಿನ ಸಾಲಿನಲ್ಲಿ ನೀರು ಕಚೇರಿಯ ಗುಮಾಸ್ತೆ ಕೂತಿರುತ್ತಿದ್ದರು. ಮೊದಲ ಪಾಠ ಕಣ್ಣು ಮುಚ್ಚಿಕೊಂಡು ಕೇಳುವುದು. ಪಾತ್ರೆ ಅಂಗಡಿಯವರ ಸ್ವಂತ ಪುಟವನ್ನೇ ಫೋನಿನಿಂದ ಓದಿಸಿದಾಗ ‘ಇಮೇಜ್, ಇಮೇಜ್, ಇಮೇಜ್’ ಎಂದಷ್ಟೇ ಬಂತು. ಅವರು ಕಣ್ಣು ಬಿಟ್ಟು, “ಅಯ್ಯೋ, ನನ್ನ ಅಂಗಡೀನ ಯಾರೋ ದೋಚ್ಕೊಂಡು ಹೋದ ಹಾಗಿದೆಯಲ್ಲಪ್ಪ!” ಎಂದು ತಲೆಯ ಮೇಲೆ ಕೈ ಹೊತ್ತರು. ತರಗತಿ ನಕ್ಕಿತು. ಎಲ್ಲರೂ ಉಳಿಯಲಿಲ್ಲ. “ನನಗೆ ಹೊಲಿಗೆಯೇ ಮುಗಿಯಲ್ಲ ಮೇಡಂ, ಇದು ನನ್ನ ಕೈಲಾಗದು” ಎಂದ ದರ್ಜಿಯನ್ನು ಮೇಡಂ ಒತ್ತಾಯಿಸಲಿಲ್ಲ. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಆ ತರಗತಿ ವರ್ಷಗಳ ಕಾಲ ನಡೆದು ಹೆಸರಾಯಿತು. ಕಳೆದ ವರ್ಷ ಊರಿನ ಆಡಳಿತದವರು ಅದನ್ನು ಪ್ರಾಯಕ್ಕೆ ಬಂದ ಎಲ್ಲ ನಾಗರಿಕರಿಗೂ ಕಡ್ಡಾಯ ಮಾಡುವ ಆಲೋಚನೆಯಿಂದ ಸಭೆ ಕರೆದರು. ಮೇಡಂ ಸ್ವಾಗತಿಸುವರೆಂದೇ ಎಲ್ಲರೂ ಕಾದಿದ್ದರು. ಅವರು ವೇದಿಕೆಗೆ ಬಂದು, “ಬೇಡ” ಎಂದರು.

ಸಭಾಂಗಣ ದಂಗಾಯಿತು. ಪಕ್ಕದಲ್ಲೇ ಇದ್ದ ಪ್ಲಗ್ ಮೇಷ್ಟ್ರು ಬಾಯಿ ತೆರೆದವರು ಮುಚ್ಚಲಿಲ್ಲ. ಮೇಡಂ ಮುಂದುವರಿಸಿದರು: “ನನ್ನ ಅಣ್ಣನ್ನ ಉಳಿಸಿದ ದಾದಿ ದಿನವಿಡೀ ನಿಂತೇ ಇರ್ತಾರೆ. ಮನೆಗೆ ಹೋದಮೇಲೆ ಟ್ಯಾಗು ಕಲೀರಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳ್ಲಿ? ಬೇಕಾದವರು ಬರ್ಲಿ. ಬಾಗಿಲು ತೆರೆದಿರ್ಲಿ. ಯಾರಿಗೂ ಕಡ್ಡಾಯ ಬೇಡ.”

ಆಗ ಸಭೆಯ ಹಿಂದಿನಿಂದ ಒಂದು ಕುರ್ಚಿ ಸರಿದ ಸದ್ದಾಯಿತು. ನೀರು ಕಚೇರಿಯ ಗುಮಾಸ್ತೆ ಎದ್ದು ನಿಂತಿದ್ದರು. ಮೇಡಂ ಎದುರು ಅವರು ದನಿಯೆತ್ತಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

“ಯಾರಿಗೂ ಅಂದ್ರೆ ಹೇಗೆ ಮೇಡಂ? ನನಗೆ ಕಡ್ಡಾಯ ಮಾಡ್ಬೇಕಿತ್ತು. ಆ ಕುರ್ಚಿ ಮೇಲೆ ಕೂರಿಸೋ ಮುಂಚೆನೇ ಮಾಡ್ಬೇಕಿತ್ತು. ನನಗೆ ಯಾರೂ ಹೇಳಿಕೊಡ್ಲಿಲ್ಲ, ನಿಮ್ಮಣ್ಣ ಸಾಯೋಕೆ ಹೊರಟಿದ್ರು. ನೀವು ಬೈಯದೆ ಹೋದ್ರಿ. ನನಗೆ ಇವತ್ತಿಗೂ ಫೋನು ‘ಇಮೇಜ್’ ಅಂದ್ರೆ ಆ ಪುಟ ತೆಗೆದು ನೋಡದೆ ಮುಂದಕ್ಕೆ ಹೋಗೋಕಾಗಲ್ಲ.”

ಮುಂದಿನ ಸಾಲಿನಲ್ಲಿದ್ದ ಅಣ್ಣ ದನಿ ಬಂದ ದಿಕ್ಕಿಗೆ ತಲೆ ತಿರುಗಿಸಿ, “ಬಾಮ್ಮ, ಇಲ್ಲಿ ಬಂದು ಕೂತ್ಕೋ” ಎಂದು ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿದರು. ಆಕೆ ನಡೆದು ಬಂದು ಕೂತರು. ಆಮೇಲೆ ಮೇಡಂ ಮೈಕಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಅವರು ಹೇಳಿದ್ದೇ ಸರಿ. ಹಾಗೇ ಬರ್ಕೊಳ್ಳಿ.” ಸಾರ್ವಜನಿಕರಿಗೆ ಸೂಚನೆ ಹಾಕುವ ಹೊಣೆಯಿರುವ ಪ್ರತಿಯೊಬ್ಬರಿಗೂ ಈ ಕಲಿಕೆ ಕಡ್ಡಾಯ, ಉಳಿದವರಿಗೆ ಇಚ್ಛೆಯಿದ್ದರೆ ಮಾತ್ರ. ಅಂದು ಆದ ತೀರ್ಮಾನವೇ ಇಂದು ನಮ್ಮೂರಿನ ಕಚೇರಿಗಳಲ್ಲೆಲ್ಲ ನಡೆದುಬರುತ್ತಿದೆ.

ಸೇವೆಯ ಅವಧಿ ಮುಗಿಯಿತೆಂದು ಕಾಲೇಜು ಹೇಳುತ್ತಿದೆ. ಮೇಡಂ ಅದನ್ನು ಒಪ್ಪಿದಂತೆ ಕಾಣುವುದಿಲ್ಲ. ಬರುವ ವಾರದಿಂದ ಬಸ್ ನಿಲ್ದಾಣದ ಕಚೇರಿಯವರಿಗೆ ಪಾಠ ಆರಂಭ. ಪಾಠ ಮಾಡುವವರು ನೀರು ಕಚೇರಿಯ ಗುಮಾಸ್ತೆ, ಕೇಳಿ ಪರೀಕ್ಷಿಸುವವರು ಅಣ್ಣ. ತಾವು ಹಿಂದಿನ ಬೆಂಚಿನಲ್ಲಿ ಕೂರುವುದಾಗಿ ಮೇಡಂ ಈಗಾಗಲೇ ತಿಳಿಸಿದ್ದಾರೆ. ಅವರಿಗೂ ಅವರ ಅಣ್ಣನವರಿಗೂ ಆಯುಸ್ಸು ಆರೋಗ್ಯಗಳು ತುಂಬಿರಲಿ. ತುಂಬಿದ ಸಭೆಯಲ್ಲಿ ತಮ್ಮ ಮಾತನ್ನು ತಿದ್ದಿದವರನ್ನೇ ಗುರುಪೀಠದಲ್ಲಿ ಕೂರಿಸಿ ಪಾಠ ಕೇಳುವ ಆ ದೊಡ್ಡ ಮನಸ್ಸಿನವರ ಪಕ್ಕ, ಅದೇ ಹಿಂದಿನ ಬೆಂಚಿನಲ್ಲಿ, ಇನ್ನೂ ಬಹುಕಾಲ, ನಮಗೂ ಒಂದಿಷ್ಟು ಜಾಗವಿರಲಿ.