ಹುಸೇನಸಾಬ ಕಾಕಾ ಬರೆದಿಟ್ಟ ಬಿಸಿಲು

ಉಷ್ಣಮಾಪಕದ ಮುಂದೆ ನಿಂತಾಗ ಹುಸೇನಸಾಬ ಕಾಕಾ ಉಸಿರು ಬಿಗಿಹಿಡಿಯುತ್ತಿದ್ದರು. ಬಾಯಿಯ ಬಿಸಿ ತಾಗಿ ಪಾದರಸ ಕೂದಲೆಳೆಯಷ್ಟು ಏರಿದರೂ ಸುಳ್ಳು ಬರೆದಂತಾಗುತ್ತದೆ ಎಂಬ ಭಯ ಅವರಿಗೆ. ಹುಕ್ಕೇರಿಯ ಹೊರಗಿನ ಬೀಜದ ತೋಟದಲ್ಲಿ, ಗಾಳಿಯಾಡಲು ಸೀಳು ಬಿಟ್ಟ ಬಿಳಿ ಕಟ್ಟಿಗೆಯ ಪೆಟ್ಟಿಗೆಯೊಂದಿತ್ತು; ಉಷ್ಣಮಾಪಕ ಅದರೊಳಗೆ. ದಿನಕ್ಕೆ ಎರಡು ಸಲ ಅದನ್ನು ತೆರೆದು ನೋಡಿ ರಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ನಾನು ಅದೇ ತೋಟದ ಕಚೇರಿಯಲ್ಲಿ ಗುಮಾಸ್ತೆ.

"ಏನ್ ಬಿಸಲರಿ ಕಾಕಾ ಇವತ್ತ!" ಎಂದು ಯಾರಾದರೂ ಅಂದರೆ ಅವರು ಹೌದೆನ್ನುತ್ತಿರಲಿಲ್ಲ. "ತಡೀರಿ, ನೋಡಿ ಹೇಳ್ತೇನಿ" ಎಂದು ಎದ್ದೇ ಬಿಡುತ್ತಿದ್ದರು. ನಾವು ನಗುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಅವರ ಹೆಂಡತಿ ಖತೀಜಾಬಿಯನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದರು. "ಶಾಂತವ್ವ, ನಾ ಬರೂತನಕ ಪೆಟಿಗಿ ನೀ ನೋಡ್ಕೊ" ಎಂದು ನನಗೆ ಹೇಳಿ ಹೋದರು. ಮೂರು ದಿನ ನೋಡಿದೆ. ನಾಲ್ಕನೆಯ ದಿನ ಆ ಉರಿಯಲ್ಲಿ ತೋಟದ ತುದಿಯವರೆಗೆ ನಡೆಯಲು ಬೇಸರವಾಗಿ, ಹಿಂದಿನ ದಿನದ ಅಂಕಿಗೆ ತುಸು ಕೂಡಿಸಿ ಬರೆದೆ. ಮರುದಿನ ತುಸು ಕಳೆದೆ. ಆಮೇಲೆ ಅದೇ ರೂಢಿಯಾಯಿತು.

ಖತೀಜಾಬಿ ಉಳಿಯಲಿಲ್ಲ. ಮಣ್ಣು ಮುಗಿಸಿ ಕೆಲವು ದಿನಗಳಾದ ಮೇಲೆ ಕಾಕಾ ಕಚೇರಿಗೆ ಬಂದು ರಜಿಸ್ಟರು ತೆರೆದರು. ಬಹಳ ಹೊತ್ತು ನೋಡಿದರು.

"ಬಿಸಲು ಹಿಂಗ ಸಾಲಾಗಿ ನಿಲ್ಲೂದಿಲ್ಲವ್ವಾ."

ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಖಾಲಿ ಬಿಟ್ಟಿದ್ರ ಚೊಲೊ ಇತ್ತು" ಎಂದಷ್ಟೇ ಅಂದು, ಆ ಅಂಕಿಗಳ ಪಕ್ಕ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದರು.

ಅವರು ನಿವೃತ್ತರಾಗಿ ವರ್ಷಗಳು ಕಳೆದ ಮೇಲೆ ಸಂಶೋಧಕಿಯೊಬ್ಬಳು ಈ ಸೀಮೆಯ ಹಳೆಯ ಬಿಸಿಲನ್ನೆಲ್ಲ ರಜಿಸ್ಟರುಗಳಿಂದ ಜೋಡಿಸಿ, ಸೆಕೆ ಏರುತ್ತ ಬಂದಿದೆ ಎಂದು ತೋರಿಸಿದಳು. ಅದನ್ನು ನಂಬಬಹುದೇ ಎಂಬ ವಾದ ಪತ್ರಿಕೆಗಳಲ್ಲಿ ಹತ್ತಿಕೊಂಡಿತು. ಕೊನೆಗೆ ಗೋಕಾಕದಲ್ಲಿ ಬಹಿರಂಗ ಚರ್ಚೆ ಇಟ್ಟರು. ಕಾಕಾನನ್ನೂ ಕರೆದಿದ್ದರು; ಜೊತೆಗೆ ನಾನೂ ಹೋದೆ.

ವಿರೋಧಿಸುತ್ತಿದ್ದ ವಕೀಲರೊಬ್ಬರು ರಜಿಸ್ಟರಿನ ಒಂದು ಹಾಳೆಯನ್ನು ಎತ್ತಿ ಹಿಡಿದರು. "ಈ ಪೆನ್ಸಿಲ್ ಗುರ್ತ ಏನ್ರಿ?"

ಕಾಕಾ ಎದ್ದು ನಿಂತರು. "ಅವು ನೋಡಿ ಬರದದ್ದಲ್ರಿ. ಅಂದಾಜಿಲೆ ಬರದದ್ದು."

"ಯಾರು ಬರದದ್ದು?"

ನಾನು ಅವರ ಬಾಜೂಕೇ ಕೂತಿದ್ದೆ. ಅವರು ನನ್ನತ್ತ ತಿರುಗಲಿಲ್ಲ.

"ರಜಿಸ್ಟರ್ ನನ್ನ ಹೆಸರಿನ್ಯಾಗ ಐತ್ರಿ. ಜವಾಬ್ದಾರಿ ನಂದು."

ಸಭೆ ನಕ್ಕಿತು. ಆ ದಿನಗಳನ್ನು ಲೆಕ್ಕದಿಂದ ಮೊದಲೇ ಬಿಟ್ಟಿದ್ದೇವೆ ಎಂದು ಸಂಶೋಧಕಿ ಮೈಕಿನಲ್ಲಿ ಹೇಳುತ್ತಲೇ ಇದ್ದಳು, ಯಾರೂ ಕೇಳಲಿಲ್ಲ. ನನ್ನ ಕೈ ಮಡಿಲಲ್ಲಿ ಇದ್ದಲ್ಲೇ ಇತ್ತು. ಮರುದಿನ ಪತ್ರಿಕೆಯಲ್ಲಿ ಕಾಕಾನ ಚಿತ್ರ, ಮೇಲೆ 'ಊಹೆಯ ಉಷ್ಣಾಂಶ' ಎಂಬ ತಲೆಬರಹ. ಓದಿ, ಮಡಚಿ, ಅಡುಗೆಗೆ ಹೋದೆ. ಏನೂ ಅನ್ನಿಸಲಿಲ್ಲ. ಎಷ್ಟೋ ತಿಂಗಳು ಏನೂ ಅನ್ನಿಸಲಿಲ್ಲ.

ಕಾಕಾ ಹಾಸಿಗೆ ಹಿಡಿದಿದ್ದಾರೆಂದು ತಿಳಿದ ಮೇಲೆ ಪತ್ರಿಕೆಗೊಂದು ಪತ್ರ ಬರೆದೆ. ಆ ಹದಿನೈದು ದಿನಗಳ ಅಂಕಿ ಬರೆದವಳು ನಾನು, ಹುಸೇನಸಾಬರಲ್ಲ ಎಂದು. ಕಳಿಸುವ ಮೊದಲು ಅವರ ಮನೆಗೆ ಒಯ್ದು, ಹಾಸಿಗೆಯ ಪಕ್ಕ ಕೂತು ಓದಿದೆ. ಕಣ್ಣು ಮುಚ್ಚಿ ಕೇಳಿದರು.

"ಹದಿನೈದಲ್ಲವ್ವಾ. ಹದಿನಾಕು."

"ನನಗ ನೆನಪೈತ್ರಿ ಕಾಕಾ."

"ಖತೀಜಾನ ಮಣ್ಣ ಮಾಡಿದ ದಿನ ನಾನ ತ್ವಾಟಕ್ಕ ಹೋಗಿದ್ನಿ. ಪೆಟಿಗಿ ತಗದ ನೋಡಿ ಚೀಟಿ ಮ್ಯಾಲ ಬರಕೊಂಡಿದ್ನಿ. ಆಮ್ಯಾಲ ರಜಿಸ್ಟರಿನ್ಯಾಗ ನಿಂದು ಹೊಡದು ಅದನ್ನ ಏರಿಸೇನಿ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಅಂದರು: "ಆ ದಿನದ್ದು ಖರೆ ಐತಿ. ಅದನ್ನ ಸುಳ್ಳಿನ್ಯಾಗ ಕೂಡಸಬ್ಯಾಡ."

ಅಲ್ಲೇ ಹದಿನೈದನ್ನು ಹೊಡೆದು ಹದಿನಾಲ್ಕು ಎಂದು ಬರೆದೆ. ಕಾಗದ ಈಸಿಕೊಂಡು, ಕಣ್ಣಿನ ಹತ್ತಿರ ಹಿಡಿದು ನೋಡಿ, ತಿರುಗಿ ಕೊಟ್ಟರು.

ವಾರದೊಳಗೆ ಕಾಕಾ ತೀರಿಕೊಂಡರು. ನಾನು ಕಳಿಸಿದ ಪತ್ರವನ್ನು ಪತ್ರಿಕೆಯವರು ಅಚ್ಚು ಹಾಕಲಿಲ್ಲ.