ಮೊಣಕಾಲ ಮೇಲಿನ ಕಟ್ಟು

ಅಕ್ಕನ ಆನೆಕಾಲಿನ ವಾಸನೆಗಿಂತ ನನಗೆ ಹೆಚ್ಚು ಹೇಸಿಗೆಯಾಗುತ್ತಿದ್ದದ್ದು ಅವಳ ಮೊಣಕಾಲ ಮೇಲಿನ ಕಟ್ಟು. ಹಳೆಯ ಧೋತರದ ಪಟ್ಟಿ ಅದು. ಬೆವರು, ಕೀವು, ಅರಿಶಿನ ಹೀರಿಕೊಂಡು ಚರ್ಮದೊಳಗೇ ಕೂತುಬಿಟ್ಟಿತ್ತು. ಸಗರವೆಂಬ ಊರಿನ ಆ ಮನೆಯಲ್ಲಿ ನೊಣಗಳು ಬೇರೆಲ್ಲೂ ಕೂರುತ್ತಿರಲಿಲ್ಲ.

ಕಟ್ಟಿದವನು ಭಾವ. ಕಾಲುವೆಯ ಗೇಟು ಎತ್ತಿ ಇಳಿಸುವುದು ಅವನ ಕೆಲಸ. ಕಾಲುವೆ ಬಂದು, ಭತ್ತ ಬಂದು, ಹಿಂದೆಯೇ ಸೊಳ್ಳೆಯೂ ಬಂದ ಮೇಲೆ ಊರಿನವರು ಎಲ್ಲಕ್ಕೂ ಕಾಲುವೆಯ ಲೆಕ್ಕವನ್ನೇ ಹಾಕುತ್ತಿದ್ದರು. ಕಾಲಿನಲ್ಲಿ ನೀರು ತುಂಬಿದೆಯೆಂದರೆ ಅದು ಮೇಲಿನಿಂದ ಬರುತ್ತಿದೆ, ಮೇಲೆ ಬಂದ್ ಮಾಡಿದರೆ ಮುಗಿಯಿತು. ಆ ಓಣಿಯ ಎಷ್ಟೋ ಮನೆಗಳಲ್ಲಿ ಆನೆಕಾಲಿಗೆ ಇದೇ ಮದ್ದು.

ಹೈದರಾಬಾದಿನಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂತು ಮಾಡುತ್ತಿದ್ದದ್ದು ಮೈಯೊಳಗಿನ ದುಗ್ಧರಸ ನಾಳಗಳ ಮಾದರಿ. ಆನೆಕಾಲಿನಲ್ಲಿ ನಿಂತುಬಿಡುವ ನೀರು ಈ ರಸವೇ; ಸರಿಯಿದ್ದ ಕಾಲಿನಲ್ಲಿ ಅದು ಪಾದದಿಂದ ಮೇಲಕ್ಕೆ ಏರುತ್ತದೆ. ದಾರಿಯುದ್ದಕ್ಕೂ ಪುಟ್ಟ ಕವಾಟಗಳು ತೆರೆದು ಮುಚ್ಚಿ, ಏರಿದ್ದು ಇಳಿಯದಂತೆ ತಡೆಯುತ್ತವೆ. ಒಂದು ದಿನ ಅಕ್ಕನ ಕಟ್ಟನ್ನೇ ಆ ಮಾದರಿಯೊಳಗೆ ಹಾಕಿ ನೋಡಿದೆ. ಕಟ್ಟಿನ ಕೆಳಗೆ ನಾಳ ಉಬ್ಬಿತು, ಕವಾಟದ ಎಸಳುಗಳು ಒಂದನ್ನೊಂದು ಮುಟ್ಟದಾದವು, ರಸ ಹಿಂದಕ್ಕೆ ಸೋರತೊಡಗಿತು. ಮರುದಿನವೇ ಯಾದಗಿರಿಯ ರೈಲು ಹತ್ತಿದೆ.

ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಭಾವ ಮೂಗಿಗೆ ಟವೆಲ್ ಹಿಡಿದುಕೊಂಡೇ ನೋಡಿದ.

“ನೀರು ತಾನ ಮ್ಯಾಲ ಏರತೈತಿ ಅಂದ್ರ ನಾ ನಂಬಬೇಕೇನು?”

“ಮೈಯಾಗಿನ ನೀರು ಕೆನಾಲಿನ ನೀರಿನಂಗ ಅಲ್ರಿ. ಅದು ಏರೋ ದಾರೀನ ನೀವು ಬಂದ್ ಮಾಡೀರಿ. ಕತ್ತರಸ್ತೀನಿ.”

ಅವನು ಉಗುಳಲು ಹೊರಗೆ ಹೋದ. ನಾನು ಕತ್ತರಿ ತೆಗೆದಾಗ ಕೈ ಹಿಡಿದವಳು ಅಕ್ಕ.

“ಬ್ಯಾಡ ತಂಗಿ. ಇದನ್ನ ಕಟ್ಟೂಮುಂದ ಅಷ್ಟ ಅವ ನನ್ನ ಮುಟ್ಟತಾನ.”

ಅವನ ಮೇಲಿದ್ದ ಹೇಸಿಗೆ ಈಗ ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡ ಅವಳ ಮೇಲೂ ಹುಟ್ಟಿತು. ಒಳಗೆ ಬಂದವನಿಗೆ ಹೇಳಿದೆ: “ಭಾವ, ಕಟ್ಟೂದು ಬಿಡ್ರಿ. ದಿನಾ ಸೋಪು ಹಚ್ಚಿ ಕಾಲು ತೊಳದು, ಒರಸಿ, ಎತ್ತರಕ್ಕ ಇಡ್ರಿ. ಆಕಿಗೆ ನಿಮ್ಮ ಕೈ ಬೇಕು.”

ಅವನು ಕಾಲನ್ನೇ ನೋಡಿದ. ಬಚ್ಚಲಿಗೆ ಹೋದ. ನೀರು ಸುರಿಯುವ ಸಪ್ಪಳ ಕೇಳಿ ಅಕ್ಕ ಸೀರೆ ಸರಿಸಿ ಕಾಲು ಚಾಚಿ ಕೂತಳು. ಅವನು ತೊಳೆದುಕೊಂಡ ತನ್ನ ಎರಡೂ ಕೈಗಳನ್ನು ಒರೆಸಿಕೊಳ್ಳುತ್ತ ಹೊರಬಂದು, ಚಪ್ಪಲಿ ಮೆಟ್ಟಿ ಕಾಲುವೆಯ ಕಡೆ ನಡೆದ. ಆ ದಿನ ಅವನು ಅವಳನ್ನು ಮುಟ್ಟಿಯೇ ಇರಲಿಲ್ಲ.

ಅಕ್ಕ ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

“ಕತ್ತರಸು,” ಎಂದಳು.