ಅವ್ವ ಹಾಡಿದ ಸೀಡಿ

ಹೋದ ವಾರ ಹಂಪಸಾಗರದ ಕಡೆ ಹೋಗುವಾಗ ರಸ್ತೆ ಪಕ್ಕದ ಸಜ್ಜೆ ಹೊಲದಲ್ಲಿ ಹಕ್ಕಿ ಬೆದರಿಸಲು ಹಳೆ ಸೀಡಿಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟಿದ್ದರು. ಗಾಳಿಗೆ ತಿರುಗುತ್ತ ಕಣ್ಣಿಗೆ ಮಿಂಚು ಹೊಡೆಯುತ್ತಿದ್ದವು. ಗಾಡಿ ನಿಲ್ಲಿಸಿ ಒಂದನ್ನು ಹಿಡಿದೆ. ಬಿಸಿಲಿಗೆ ಕಾದಿತ್ತು. ನಾಚಿಕೆ ಬಿಟ್ಟು ಮೂಗಿನ ಹತ್ತಿರ ತಂದೆ. ಬಿಸಿ ಪ್ಲಾಸ್ಟಿಕ್ಕಿನ ಆ ವಾಸನೆಗೆ ಕೊಟ್ಟೂರಿನ ನಮ್ಮ ಪಡಸಾಲೆ ಪೂರ್ತಿ ಎದ್ದು ಬಂತು. ನಿಮ್ಮ ಮನೆಯಲ್ಲೂ ಆಗ ಕಂಪ್ಯೂಟರ್ ಇದ್ದಿದ್ದರೆ ನಿಮಗೂ ಗೊತ್ತಿರುತ್ತದೆ, ಹಾಡು ತುಂಬಿಕೊಂಡು ಹೊರಬಂದ ಸೀಡಿ ಅಂಗೈಗೆ ಎಷ್ಟು ಬೆಚ್ಚಗೆ ತಾಗುತ್ತಿತ್ತು ಅಂತ.

ನಮ್ಮ ಮನೆಗೆ ಕಂಪ್ಯೂಟರ್ ತಂದವನು ಅಪ್ಪನ ತಮ್ಮ ಶಿವು ಕಾಕ. ಹೊಸಪೇಟೆಯಲ್ಲಿ ಬಿಡಿಬಿಡಿಯಾಗಿ ಜೋಡಿಸಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅದನ್ನಿಡಲು ಬೇರೆ ಜಾಗವಿಲ್ಲದೆ ಅವ್ವನ ಹೊಲಿಗೆ ಮಶೀನಿಗೆ ಅಂಟಿಸಿದಂತೆ ಒಂದು ಮೇಜು ಹಾಕಿದ. ಅದರ ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಚಿಟ್ಟ ರವಿಕೆ ಬಟ್ಟೆಯ ತುಂಡು. ಸುತ್ತಲಿನ ಜೀಪು, ಟೆಂಪೋ ಡ್ರೈವರುಗಳೆಲ್ಲ ಹಾಡು ತುಂಬಿಸಿಕೊಳ್ಳಲು ಬರುತ್ತಿದ್ದರು. ಅವ್ವ ಮಶೀನು ತುಳಿದರೆ ಮೇಜು ನಡುಗುತ್ತಿತ್ತು, ಸೀಡಿ ಕೆಡುತ್ತಿತ್ತು. ಹಾಗಾಗಿ ಕಂಪ್ಯೂಟರಿನ ಸಣ್ಣ ದೀಪ ಮಿಣುಕುವಷ್ಟು ಹೊತ್ತು ಮಶೀನು ಬಂದ್. ಅವ್ವ ಮಾತನ್ನೂ ಬಂದ್ ಮಾಡುತ್ತಿದ್ದಳು. ಹಿಂದೆ ಟೇಪ್ ರೆಕಾರ್ಡರಿನಲ್ಲಿ ರೇಡಿಯೋ ಹಾಡು ಹಿಡಿಯುವಾಗ ಕುಕ್ಕರಿನ ಸೀಟಿಯೂ ಸೇರಿಕೊಂಡದ್ದು ಅವಳಿಗೆ ನೆನಪಿತ್ತು. ಇದೂ ಹಾಗೇ ಅಂದುಕೊಂಡಿದ್ದಳು.

ಅದಕ್ಕೆ ತುಪ್ಪ ಸುರಿದವನು ಹರಪನಹಳ್ಳಿ ರೂಟಿನ ಜೀಪ್ ಡ್ರೈವರ್ ಕಾಸಿಂ. ಒಂದು ದಿನ ಬಾಗಿಲಲ್ಲೇ ನಿಂತು, "ಅಕ್ಕಾರ, ನಿಮ್ಮ ಕೈಬಳಿ ಸಪ್ಪಳ ಹರಪನಹಳ್ಳಿಮಟ ಕೇಳಿಸ್ತು ನೋಡ್ರಿ. ಜೀಪಿನ್ಯಾಗ ಕುಂತ ಮುದುಕಿ, ಯಾರಪ್ಪಾ ಈಕಿ, ಹಾಡಿನ ನಡುವ ಭಾಂಡಿ ತಿಕ್ಕಾಕತ್ಯಾಳ ಅಂತು," ಅಂದ.

"ಸುಳ್ಳು ಹೇಳಬ್ಯಾಡಲೇ ಕಾಸಿಂ," ಅಂದಳು ಅವ್ವ. ಆದರೆ ಕೈ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡಳು.

ಕಾಕ ಮುಖ ತಿರುಗಿಸದೆ ಹೇಳಿದ: "ಖರೇನ ಅತ್ತಿಗಿ. ಲೈಟ್ ಹತ್ತಿದಮ್ಯಾಲ ಅದು ಏನೂ ಬಿಡಂಗಿಲ್ಲ. ನೀ ಉಸಿರು ಬಿಟ್ರೂ ಹಿಡೀತೈತಿ."

ನಾವೆಲ್ಲ ನಕ್ಕೆವು. ಅವ್ವನೂ ನಕ್ಕಳು. ನಮ್ಮ ಮನೆಯಲ್ಲಿ ಒಂದು ಜೋಕು ಶುರುವಾದರೆ ಅದು ಮನೆಯವರಲ್ಲಿ ಒಬ್ಬನಾಗಿಬಿಡುತ್ತಿತ್ತು. ಇದೂ ಹಾಗೇ ಉಳಿದುಕೊಂಡಿತು. ಅದು ಜೋಕು ಅಂತ ಅವ್ವನಿಗೆ ಬಿಡಿಸಿ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅವ್ವ ಸೋಬಾನ ಪದ ಹಾಡುತ್ತಿದ್ದಳು. ತೆಲಿಗಿಯಿಂದ ಹಡಗಲಿಯವರೆಗೆ ನಮ್ಮ ಬಳಗದ ಯಾವ ಮದುವೆಯಾದರೂ ಸುರಗಿ ಸುತ್ತುವ ಶಾಸ್ತ್ರದ ಹೊತ್ತಿಗೆ ಅವ್ವನನ್ನೇ ಹುಡುಕುತ್ತಿದ್ದರು. ಸ್ವಲ್ಪ ಒಡೆದ, ದಪ್ಪ ದನಿ. ಮೊದಲ ಸಾಲು ಎತ್ತುವ ಮುಂಚೆ ಗಂಟಲಲ್ಲಿ ಸಣ್ಣಗೆ "ಹ್ಞೂಂ" ಅನ್ನುತ್ತಿದ್ದಳು. ಆ ಮದುವೆಗಳ ವಿಡಿಯೋ ಈಗಲೂ ಇವೆ. ಅವ್ವ ಬಾಯಿ ತೆರೆದು ಹಾಡುವುದು ಕಾಣುತ್ತದೆ. ಕೇಳಿಸುವುದು ಮಾತ್ರ ವಿಡಿಯೋದವನು ಮೇಲೆ ಕೂಡಿಸಿದ ಸಿನಿಮಾ ಹಾಡು.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದ ಒಂದು ಮಧ್ಯಾಹ್ನ. ಕಾಕ ಸೀಡಿ ತುಂಬಲು ಹಚ್ಚಿ ಚಾ ಕುಡಿಯಲು ಬಸ್ ಸ್ಟ್ಯಾಂಡಿಗೆ ಹೋಗಿದ್ದ. ನಾನು ಒಳಗೆ ಬಂದಾಗ ಅವ್ವ ಸ್ಟೂಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಆ ಮಿಣುಕುವ ದೀಪಕ್ಕೆ ಮುಖ ಹತ್ತಿರ ಹಿಡಿದು ಹಾಡುತ್ತಿದ್ದಳು. ಬಳೆಗಳನ್ನು ಬಿಚ್ಚಿ ಮಶೀನಿನ ಮೇಲಿಟ್ಟಿದ್ದಳು. ಬೇಸರ ಕಳೆಯಲು ಹಾಡುತ್ತಿದ್ದಾಳೆ ಅಂದುಕೊಂಡು ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ.

ಮದುವೆಯಾಗಿ ನಾನು ಹಗರಿಬೊಮ್ಮನಹಳ್ಳಿಗೆ ಹೊರಟ ದಿನ ಅವ್ವ ಸೀರೆಗಳ ನಡುವೆ ಒಂದು ಸೀಡಿ ತುರುಕಿದಳು. "ನಾ ಹಾಡೀನಿ ಇದರಾಗ. ಈಗ ಹಚ್ಚಬ್ಯಾಡ, ನನಗ ನಾಚಿಕಿ. ನಾ ಇಲ್ಲದಾಗ ಕೇಳು," ಅಂದಳು. ಅಂಥ ಮಾತಿಗೆ ಯಾವ ಮಗಳು ಏನನ್ನುತ್ತಾಳೆ? "ಸುಮ್ಮನಿರವ್ವ," ಅಂದೆ. ಕಾಕ ಮೈಕು ತಂದು ಹಾಡಿಸಿರಬೇಕು ಅಂದುಕೊಂಡೆ.

ಎಲ್ಲರ ಕೈಗೂ ದನಿ ಹಿಡಿಯುವ ಫೋನು ಬರುವ ಮೊದಲೇ ಅವ್ವ ಹೋದಳು. ಬೆಳಗ್ಗೆ ಎದೆ ಹಿಡಿದುಕೊಂಡು ಕೂತವಳು ಮಧ್ಯಾಹ್ನಕ್ಕೆ ಇರಲಿಲ್ಲ. ಶಿವಗಣಾರಾಧನೆ ಮುಗಿದು ಬಂದವರೆಲ್ಲ ಹೋದ ಮೇಲೆ ನಾನು ಸೀಡಿ ತೆಗೆದು ಕಾಕನ ಕೈಗಿಟ್ಟು, ಅವ್ವ ಹೇಳಿದ್ದನ್ನು ಹೇಳಿದೆ. ಕಾಕ ಸೀಡಿಯನ್ನು ತಿರುಗಿಸಿ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಪ್ಲೇಯರಿಗೆ ಹಾಕಿದ.

ಸಿನಿಮಾ ಹಾಡು ಬಂತು. ಯಾರದೋ ಜೀಪಿಗೆ ಅಂತ ತುಂಬಿದ್ದ ಹಾಡು. ಅಪ್ಪ ಗೋಡೆಗೆ ಒರಗಿದವನು ನೆಟ್ಟಗೆ ಕೂತು ಕಿವಿ ಕೊಟ್ಟಿದ್ದ. ಹಾಡು ಮುಗಿದು ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಅಷ್ಟರಲ್ಲಿ ನಾವು ಮೂವರೂ ಉಸಿರು ಹಿಡಿದೆವು, ಆ "ಹ್ಞೂಂ" ಬರುತ್ತದೆ ಅಂತ. ಇನ್ನೊಂದು ಸಿನಿಮಾ ಹಾಡು ಬಂತು. ಅದು ಮುಗಿಯಿತು. ಮತ್ತೆ ಅದೇ ಖಾಲಿ, ಮತ್ತೆ ಹಾಡು.

"ಎಲ್ಲಿ ಅದಾಳ ಶಿವು?" ಅಂದ ಅಪ್ಪ.

ಆ ಕಂಪ್ಯೂಟರಿನ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದವನು ಕಾಕ. ಅದಕ್ಕೆ ಮೈಕೇ ಇರಲಿಲ್ಲ ಅನ್ನುವುದು ಅವನಿಗೆ ಗೊತ್ತು. ತಲೆ ತಗ್ಗಿಸಿಕೊಂಡು, ಹೊಲಿಗೆ ಮಶೀನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು, ಅವನು ಅಂದ:

"ತಡಿಯಣ್ಣ. ಮುಂದಿನದ್ರಾಗ ಇರ್ತಾಳ."

ಕೊನೆಯ ಹಾಡಿನವರೆಗೂ ಕೂತೆವು. ಯಾರೂ ಮಾತಾಡಲಿಲ್ಲ, ಅಲುಗಾಡಲಿಲ್ಲ. ಪ್ಲೇಯರಿನ ದೀಪ ಮಿಣುಕುತ್ತಲೇ ಇತ್ತು.